ಸಾರಾಂಶ ಸಾಕಲ್ವಾ?

12 ನವೆಂಬರ್ 2025, ರಾತ್ರಿ

ನಾಳೆ ಪುಟ್ಟಿಗೆ ಕನ್ನಡ ಪರೀಕ್ಷೆ. ಸಂಜೆ ಕುಮಾರವ್ಯಾಸನ ಪದ್ಯ ಹಿಡಿದುಕೊಂಡು ಬಂದಳು. "ಚಿಕ್ಕಮ್ಮ, ಕೆಳಗೆ ಸಾರಾಂಶ ಕೊಟ್ಟಿದ್ದಾರೆ. ಎಲ್ಲ ಅದರಲ್ಲೇ ಇದೆ. ಮತ್ತೆ ಪದ್ಯ ಯಾಕೆ?"

ಸುಮ್ನೆ "ಓದು, ಚೆನ್ನಾಗಿರುತ್ತೆ" ಅಂದು ಜಾರಿಕೊಳ್ಳಲು ಮನಸ್ಸಾಗಲಿಲ್ಲ. ಸಾರಾಂಶ ಓದಿ, ಪುಸ್ತಕ ಮುಚ್ಚಿ ಹೇಳು ಅಂದೆ. ಹೇಳಿದಳು. ಅರ್ಥ ಅದೇ, ಮಾತೆಲ್ಲ ಬೇರೆ. ಆಮೇಲೆ ಪದ್ಯವನ್ನು ಜೋರಾಗಿ ಓದಿಸಿದೆ. ಮೂರು ನಾಲ್ಕು, ಮೂರು ನಾಲ್ಕು ಅಂತ ಕೈಯಲ್ಲಿ ತಾಳ ಹಾಕಿದೆ. ಭಾಮಿನಿ ಷಟ್ಪದಿಯ ಮೊದಲೆರಡು ಸಾಲಿಗೆ 14 ಮಾತ್ರೆ, ಮೂರನೆಯದು 23ಕ್ಕೆ ಚಾಚುತ್ತದೆ. ಮತ್ತೆ ಅದೇ ಸುತ್ತು. ಒಂದು ಪದ ಮರೆತರೆ ತಾಳ ಎಡವುತ್ತದೆ. ಎಡವಿದ ಜಾಗದಲ್ಲೇ ಹುಡುಕಿದರೆ ಪದ ಸಿಗುತ್ತದೆ. ಅವಳಿಗೂ ಸಿಕ್ಕಿತು.

ಆಗಿನಿಂದ ರಷ್ಯದ ಕವಿ ಅನ್ನಾ ಅಖ್ಮತೋವಾ ತಲೆಯಲ್ಲಿ ಕೂತಿದ್ದಾರೆ. ಸ್ಟಾಲಿನ್ ಕಾಲ. ಮಗ ಸೆರೆಯಲ್ಲಿ. ಲೆನಿನ್‌ಗ್ರಾಡ್‌ನ ಜೈಲಿನ ಮುಂದೆ 17 ತಿಂಗಳು ಸಾಲಿನಲ್ಲಿ ನಿಂತರು. ಅಲ್ಲೊಬ್ಬ ಹೆಂಗಸು ಪಿಸುಗುಟ್ಟಿ ಕೇಳಿದಳಂತೆ, ಇದನ್ನು ನೀವು ಬರೆಯಬಲ್ಲಿರಾ ಅಂತ. ಬಲ್ಲೆ ಅಂದರು. ಬರೆದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ. ಚೀಟಿಯಲ್ಲಿ ಬರೆದು ಗೆಳತಿಗೆ ತೋರಿಸುವುದು, ಅವಳಿಗೆ ಬಾಯಿಪಾಠವಾದ ಮೇಲೆ ಚೀಟಿ ಸುಡುವುದು. ಎಷ್ಟೋ ವರ್ಷ ಆ ಕವಿತೆ ಇದ್ದದ್ದು ಕೆಲವರ ನೆನಪಿನಲ್ಲಿ ಮಾತ್ರ. ಅಚ್ಚಾದದ್ದು 1963ರಲ್ಲಿ, ಅದೂ ದೂರದ ಮ್ಯೂನಿಕ್‌ನಲ್ಲಿ.

ಆ ಹೆಂಗಸು ಕೇಳಿದ್ದು ಸುದ್ದಿಯನ್ನಲ್ಲ. ಏನಾಗುತ್ತಿದೆ ಅಂತ ಅವಳಿಗೆ ಗೊತ್ತೇ ಇತ್ತು. ತನ್ನ ಪಾಡನ್ನು ಯಾರಾದರೂ ಸರಿಯಾದ ಮಾತಿನಲ್ಲಿ ಹೇಳಲಿ, ಆ ಮಾತು ಕೆಡದೆ ಉಳಿಯಲಿ ಅನ್ನಿಸಿರಬೇಕು. ಸಾರಾಂಶಕ್ಕೆ ಆ ಶಕ್ತಿ ಎಲ್ಲಿದೆ? ಬಾಯಿಂದ ಬಾಯಿಗೆ ಹೋದಷ್ಟೂ ಅದು ಬದಲಾಗುತ್ತದೆ.

ತಲೆನೋವು ಜಾಸ್ತಿಯಾಗಿದೆ. ಮಲಗಬೇಕು.

ಆದರೆ ಪುಟ್ಟಿ ಏಳುವಾಗ ಇನ್ನೊಂದು ಕೇಳಿದಳು. "ಮಾತ್ರೆ ಲೆಕ್ಕವೇ ಇಲ್ಲದ ಕವಿತೆ ಹೇಗೆ ನೆನಪಿರುತ್ತೆ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. 12ನೇ ಶತಮಾನದ ವಚನಗಳಿಗೆ ಷಟ್ಪದಿಯ ಕಟ್ಟಿಲ್ಲ. ತಾಳ ಅರಿಯೆ, ಗಣ ಅರಿಯೆ, ಒಲಿದಂತೆ ಹಾಡುವೆ ಅಂದವರು ಬಸವಣ್ಣ. ಆದರೂ ಅವು ಜನರ ಬಾಯಲ್ಲಿ ಉಳಿದಿವೆ. ಈಗ ಅದನ್ನೇ ಹೇಳಿಕೊಂಡು ನೋಡಿದೆ. ಆ "ಅರಿಯೆ" ಮತ್ತೆ ಮತ್ತೆ ಬರುತ್ತದಲ್ಲ, ಅದೇ ಒಂದು ತಾಳವಾಗುತ್ತದೆ, ಅಲ್ವಾ? ಹಾಗಾದರೆ ಬೇರೆ ವಚನಗಳಲ್ಲಿ ಆ ಕೆಲಸ ಮಾಡುವುದು ಏನು?