ಆ ಸೆಕೆಯಲ್ಲಿ ಹೇಗಿದ್ದೆ ಅಂತ ಕೇಳುವವರಿಗೆ

ಎಲ್ಲಿ ಹೋದರೂ ಇದೇ ಪ್ರಶ್ನೆ. ವಿರಾಜಪೇಟೆಯ ಮದುವೆ ಮಂಟಪ, ನಾಪೋಕ್ಲು ಸಂತೆ, ಗೋಣಿಕೊಪ್ಪದ ಬಸ್ ಸ್ಟ್ಯಾಂಡ್, ಯಾವುದೂ ಬಿಟ್ಟಿಲ್ಲ. "ಸಿಂಗಾಪುರದಲ್ಲಿ ಆ ಸೆಕೆ ಹೇಗಪ್ಪಾ ತಡ್ಕೊಂಡೆ? ದಿನಾ ಮಧ್ಯಾಹ್ನ ಮಳೆ ಬರುತ್ತಂತಲ್ಲ, ಮತ್ತೆ ತಂಪಾಗಲ್ವಾ?" ನಾನು ಅಲ್ಲಿ ಕಟ್ಟಡದ ಸೈಟುಗಳಲ್ಲಿ ಸೇಫ್ಟಿ ನೋಡಿಕೊಳ್ಳುತ್ತಿದ್ದೆ. ಈಗ ಕೊಡಗಿನ ಊರಿಗೆ ಬಂದು ಮನೆಯ ಕಾಫಿ ತೋಟ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ಗೊತ್ತಾದ ತಕ್ಷಣ ಎಲ್ಲರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಮೊದಲು ಸೆಕೆ. ಕೇಳುವವರ ತಲೆಯಲ್ಲಿ 45 ಡಿಗ್ರಿ ಇರುತ್ತದೆ. ಅಷ್ಟೆಲ್ಲ ಇಲ್ಲ. ಬೇಸಿಗೆಯಲ್ಲಿ 40 ದಾಟುವುದು ನಮ್ಮ ಕಲಬುರಗಿ, ರಾಯಚೂರಿಗೆ ಮಾಮೂಲು. ಸಿಂಗಾಪುರದಲ್ಲಿ ಈವರೆಗೆ ದಾಖಲಾಗಿರುವ ಅತಿ ಹೆಚ್ಚಿನ ಉಷ್ಣಾಂಶ 37 ಡಿಗ್ರಿ. 1983ರ ಏಪ್ರಿಲ್‌ನಲ್ಲಿ ಒಮ್ಮೆ, 2023ರ ಮೇ ತಿಂಗಳಲ್ಲಿ ಇನ್ನೊಮ್ಮೆ. ಮಾಮೂಲಿ ದಿನ ಮಧ್ಯಾಹ್ನಕ್ಕೆ 31, 32 ಇರುತ್ತದೆ. ಅಂಕಿ ನೋಡಿದರೆ ಕುಶಾಲನಗರದ ಏಪ್ರಿಲ್ ಬಿಸಿಲಿಗಿಂತ ಜಾಸ್ತಿ ಏನಲ್ಲ.

ಕಷ್ಟ ಕೊಡುವುದು ಗಾಳಿಯಲ್ಲಿರುವ ನೀರು. ಬೆವರು ಬರುತ್ತದೆ, ಆರುವುದಿಲ್ಲ. ಆರದಿದ್ದರೆ ಮೈ ತಣಿಯುವುದಿಲ್ಲ. ಕಡಂಬುಟ್ಟು ಬೇಯಿಸುವ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಬಡಿಯುವ ಹಬೆ ಇದೆಯಲ್ಲ, ಮನೆಯಿಂದ ಹೊರಗೆ ಕಾಲಿಟ್ಟರೆ ಅದೇ. ಇನ್ನೊಂದು ಕಷ್ಟ ರಾತ್ರಿಯದು. ಮಡಿಕೇರಿಯಲ್ಲಿ ಹಗಲು ಎಷ್ಟೇ ಕಾದರೂ ರಾತ್ರಿ ಹೊದಿಕೆ ಬೇಕು. ಅಲ್ಲಿ ರಾತ್ರಿಯೂ 24, 25ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. "ಸುತ್ತ ಸಮುದ್ರ ಇದ್ದ ಮೇಲೆ ತಂಪು ಗಾಳಿ ಬೀಸುತ್ತಲ್ವಾ" ಅನ್ನುತ್ತಾರೆ. ಆ ಸಮುದ್ರದ ನೀರೇ 28ರಿಂದ 30 ಡಿಗ್ರಿ ಇರುತ್ತದೆ. ಅದರ ಮೇಲಿಂದ ಬರುವ ಗಾಳಿ ಇನ್ನೆಷ್ಟು ತಂಪಿರಬೇಕು ಹೇಳಿ.

ಮಳೆ ಬಂದಾಗ ತಂಪಾಗುವುದು ನಿಜ. ಮೋಡದಿಂದ ತಣ್ಣನೆ ಗಾಳಿ ಕೆಳಗೆ ನುಗ್ಗುತ್ತದೆ, ಸ್ವಲ್ಪ ಹೊತ್ತಿನಲ್ಲೇ ಆರೇಳು ಡಿಗ್ರಿ ಇಳಿದುಬಿಡುತ್ತದೆ. ಆಮೇಲೆ ಬಿಸಿಲು ಬಂದರೆ ರಸ್ತೆಯಿಂದ ಹಬೆ ಏಳುತ್ತದೆ, ಸೆಕೆ ಮತ್ತೆ ಶುರು. ಸೆಕೆಯ ಬಗ್ಗೆ ನನ್ನ ಉತ್ತರ ಇಷ್ಟೇ. ತಡೆದುಕೊಂಡೆ, ಎಲ್ಲರೂ ತಡೆದುಕೊಳ್ಳುತ್ತಾರೆ.

ನನಗೆ ನಿಜವಾಗಿ ಸಿಟ್ಟು ಬರುವುದು ಇದರ ಬಾಲಕ್ಕೆ ಅಂಟಿಕೊಂಡು ಬರುವ ಮಾತಿಗೆ. ಒಂದು ಮದುವೆಯ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಪಂದಿ ಕರಿ ಬಡಿಸಿಕೊಳ್ಳುತ್ತಾ ತೀರ್ಪು ಕೊಟ್ಟೇಬಿಟ್ಟರು. "ನಮ್ಮ ಭಾಗಮಂಡಲದ ಮಳೆ ನೋಡಿದವರಿಗೆ ಅದೆಲ್ಲ ಒಂದು ಮಳೆಯಾ?" ಸುತ್ತ ಇದ್ದವರೆಲ್ಲ ನಕ್ಕರು. ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಸಿಂಗಾಪುರದ ವರ್ಷದ ಸರಾಸರಿ ಮಳೆ ಸುಮಾರು 2,100 ಮಿಲಿಮೀಟರ್. ಭಾಗಮಂಡಲದಲ್ಲಿ 5,000 ದಾಟಿದ ವರ್ಷಗಳು ಬೇಕಾದಷ್ಟಿವೆ. ಆದರೆ ಮಳೆಯನ್ನು ಬರೀ ಮಿಲಿಮೀಟರ್‌ನಲ್ಲಿ ಅಳೆದರೆ ಅಲ್ಲಿನ ಮಳೆ ಅರ್ಥವಾಗುವುದಿಲ್ಲ. ನಮ್ಮ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಮಳೆ ದಿನಗಟ್ಟಲೆ ಸುರಿಯುತ್ತದೆ, ಗುಡುಗು ಕಡಿಮೆ. ಅಲ್ಲಿನದು ಸ್ವಲ್ಪ ಹೊತ್ತು ಸುರಿದು ನಿಲ್ಲುತ್ತದೆ, ಆದರೆ ಸಿಡಿಲು ಹೊತ್ತು ತರುತ್ತದೆ. ವರ್ಷದಲ್ಲಿ 160ಕ್ಕೂ ಹೆಚ್ಚು ದಿನ ಅಲ್ಲಿ ಗುಡುಗು ಕೇಳುತ್ತದೆ. ಜಗತ್ತಿನಲ್ಲಿ ಸಿಡಿಲು ಜಾಸ್ತಿ ಇರುವ ಜಾಗಗಳಲ್ಲಿ ಅದೂ ಒಂದು.

ಅದಕ್ಕೆ ಕಾರಣ ಇದೆ. ಬಿಸಿಲು ಏರಿದ ಹಾಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನ. ನೆಲದ ಮೇಲಿನ ಗಾಳಿ ಬಿಸಿಯಾಗಿ ಏಳುತ್ತದೆ. ಆ ಜಾಗಕ್ಕೆ ಸಮುದ್ರದಿಂದ ಒದ್ದೆ ಗಾಳಿ ಬರುತ್ತದೆ. ದ್ವೀಪ ಅಂದ ಮೇಲೆ ಸುತ್ತಲಿಂದಲೂ ಬರುತ್ತದೆ ಅಲ್ವಾ. ನಡುವೆ ಎಲ್ಲೋ ಎದುರುಬದುರಾದರೆ ಮೇಲೆ ಹೋಗುವುದು ಬಿಟ್ಟು ಅದಕ್ಕೆ ಬೇರೆ ದಾರಿ ಇಲ್ಲ. ಮೇಲೆ ಹೋದ ಹಾಗೆ ತಣ್ಣಗಾಗಿ ಮೋಡವಾಗುತ್ತದೆ. ಆವಿ ನೀರಾಗುವಾಗ ಬಿಡುವ ಶಾಖ ಮೋಡವನ್ನು ಇನ್ನೂ ಮೇಲಕ್ಕೆ ತಳ್ಳುತ್ತದೆ. ಅಷ್ಟು ಎತ್ತರದಲ್ಲಿ ಮಂಜಿನ ಹರಳುಗಳೂ ಪುಟ್ಟ ಆಲಿಕಲ್ಲುಗಳೂ ಡಿಕ್ಕಿ ಹೊಡೆದು ವಿದ್ಯುತ್ ಕೂಡಿಕೊಳ್ಳುತ್ತದೆ. ಇದಕ್ಕೆಲ್ಲ ಬೆಳಗಿನಿಂದ ಟೈಮ್ ಬೇಕು, ಅದಕ್ಕೇ ಸಿಡಿಲು ಮಧ್ಯಾಹ್ನದ ಮೇಲೆ. ಹಾಗಂತ ಗಡಿಯಾರ ನೋಡಿಕೊಂಡು ಬರುವುದಿಲ್ಲ. ಸುಮಾತ್ರಾ ಕಡೆಯಿಂದ ಬೆಳಗಿನ ಜಾವ ಸಾಲುಗಟ್ಟಿ ನುಗ್ಗುವ ಗುಡುಗು ಮಳೆಯೂ ಇದೆ.

ಗಡಿಯಾರದ ಹಾಗೆ ಬರುವುದನ್ನು ನೋಡಬೇಕಿದ್ದರೆ ಆಸ್ಟ್ರೇಲಿಯಾದ ಡಾರ್ವಿನ್‌ನ ಉತ್ತರಕ್ಕಿರುವ ತಿವಿ ದ್ವೀಪಗಳನ್ನು ನೋಡಬೇಕು. ಅಲ್ಲಿ ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಒಂದು ದೈತ್ಯ ಮೋಡ ಏಳುತ್ತದೆ. ಎರಡನೇ ಮಹಾಯುದ್ಧದ ಕಾಲದ ಪೈಲಟ್‌ಗಳು ಅದಕ್ಕೆ ಹೆಕ್ಟರ್ ಅಂತ ಹೆಸರಿಟ್ಟು, ಅದನ್ನೇ ದಾರಿ ಗುರುತು ಮಾಡಿಕೊಂಡಿದ್ದರು. ಎತ್ತರ ಸುಮಾರು 20 ಕಿಲೋಮೀಟರ್ ಮುಟ್ಟುತ್ತದೆ. ನಮ್ಮ ತಡಿಯಂಡಮೋಳ್ 1,748 ಮೀಟರ್. ಅಂಥ ಹನ್ನೊಂದು ಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ.

ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ಪಾಯಸದ ಕಡೆ ಹೋಗಿರುತ್ತಾರೆ. ಆದರೆ ಯಾರಾದರೂ ಒಬ್ಬರು ನಿಂತು ಕೇಳಲಿ ಅಂತ ನಾನು ಕಾಯುವ ಪ್ರಶ್ನೆ ಬೇರೆ. "ಅಷ್ಟು ಸಿಡಿಲು ಇರುವ ಕಡೆ ಹೊರಗೆ ಕೆಲಸ ಮಾಡುವವರನ್ನು ಏನು ಮಾಡ್ತಿದ್ರಿ?"

ಕೆಳಗೆ ಇಳಿಸುತ್ತಿದ್ದೆವು. ಎಚ್ಚರಿಕೆ ಬಂದ ಕೂಡಲೇ ಸೈಟಿನಲ್ಲಿ ಸೈರನ್ ಕೂಗುತ್ತಿತ್ತು, ಕಂಬದ ಮೇಲಿನ ದೀಪ ತಿರುಗುತ್ತಿತ್ತು. ಎಷ್ಟೋ ಸಲ ಆಗ ಒಂದು ಹನಿಯೂ ಬಿದ್ದಿರುತ್ತಿರಲಿಲ್ಲ, ತಲೆ ಮೇಲೆ ಬಿಸಿಲೇ ಇರುತ್ತಿತ್ತು. ಆದರೂ ಮೇಲಿದ್ದವರು ಸಾಲಾಗಿ ಇಳಿದು ಒಳಗೆ ಬರುತ್ತಿದ್ದರು. ತಮಿಳುನಾಡಿನವರು, ಬಾಂಗ್ಲಾದೇಶದವರು, ಹೆಲ್ಮೆಟ್ ತೆಗೆದರೆ ಹಣೆ ಮೇಲೆ ಬೆಲ್ಟಿನ ಕೆಂಪು ಗೆರೆ. ಸಿಡಿಲು ಮಳೆ ಬೀಳುವ ಜಾಗ ಬಿಟ್ಟು ಹತ್ತು ಕಿಲೋಮೀಟರ್ ಆಚೆಗೂ ಹೊಡೆಯಬಹುದು. ಅದು ಅವರಿಗೆಲ್ಲ ಗೊತ್ತಿತ್ತು. ಶಾಲೆ ಮೈದಾನದಲ್ಲೂ ಈಜುಕೊಳದಲ್ಲೂ ಇದೇ ಪದ್ಧತಿ. ಯಾರೂ ಇದನ್ನು ಹೆದರಿಕೆ ಅಂದುಕೊಳ್ಳುವುದಿಲ್ಲ.

ಇನ್ನು ನಮ್ಮ ಕಡೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಕೊಡಗಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ ಆಟ. ಬೆಟ್ಟದ ಇಳಿಜಾರು ಕಾಯುತ್ತದೆ, ಪಶ್ಚಿಮದ ಕಡಲಿನಿಂದ ಒದ್ದೆ ಗಾಳಿ ಘಟ್ಟ ಹತ್ತುತ್ತದೆ, ಮಧ್ಯಾಹ್ನದ ಮೇಲೆ ಗುಡುಗು. ಕಾಫಿ ಹೂವಿಗೆ ಮಳೆ ಬೇಕು ಅಂತ ನಾವೆಲ್ಲ ಆಕಾಶ ನೋಡುವ ದಿನಗಳು ಅವು. ಅದೇ ದಿನಗಳಲ್ಲಿ ಕರಿಮೆಣಸಿನ ಕೊಯ್ಲೂ ಇನ್ನೂ ಮುಗಿದಿರುವುದಿಲ್ಲ. ಮೆಣಸಿನ ಬಳ್ಳಿ ಹಬ್ಬಿದ ಎತ್ತರದ ಸಿಲ್ವರ್ ಓಕ್ ಮರ, ಅದಕ್ಕೆ ಒರಗಿಸಿದ ಅಲ್ಯೂಮಿನಿಯಂ ಏಣಿ, ಏಣಿಯ ತುದಿಯಲ್ಲಿ ಮನುಷ್ಯ. ಸಿಡಿಲಿಗೆ ಇದಕ್ಕಿಂತ ಒಳ್ಳೆಯ ಗುರಿ ಹುಡುಕಬೇಕಾ?

ಒಂದು ಏಪ್ರಿಲ್‌ನಲ್ಲಿ ಪಕ್ಕದ ತೋಟದಲ್ಲಿ ಕೊಯ್ಲು ನಡೆಯುತ್ತಿತ್ತು. ಬೆಟ್ಟದ ಹಿಂದೆ ಕಪ್ಪಾಗಿತ್ತು, ಗುಡುಗು ಎರಡು ಸಲ ಕೇಳಿತ್ತು. ನಾನು ಬೇಲಿ ಹತ್ತಿರ ಹೋಗಿ ಇಳಿಸಿ ಅಂದೆ. ಮೇಸ್ತ್ರಿ "ಇನ್ನೊಂದು ಬಳ್ಳಿ ಮುಗಿಸಿಬಿಡ್ತಾರೆ" ಅಂದ. ಕೊಯ್ಯುವವರೂ ಇಳಿಯಲು ತಯಾರಿರಲಿಲ್ಲ. ಕೆಜಿ ಲೆಕ್ಕದ ಕೂಲಿ, ಇಳಿದರೆ ನಷ್ಟ ಅವರದೇ. ನಾನು ಕೂಗಾಡಿದ ಮೇಲೆ ಗೊಣಗುತ್ತಾ ಲೈನ್ ಮನೆಗೆ ಹೋದರು. ಆ ಸಂಜೆ ಅದೇ ಸಾಲಿನ ಒಂದು ಸಿಲ್ವರ್ ಓಕ್‌ಗೆ ಸಿಡಿಲು ಬಡಿಯಿತು. ಮರುದಿನ ಹೋಗಿ ನೋಡಿದೆ. ತುದಿಯಿಂದ ಬುಡದವರೆಗೆ ಅಂಗೈ ಅಗಲದ ತೊಗಟೆ ಸೀಳಿ ಬಂದಿತ್ತು. ಒಳಗಿನ ಮರ ಬೆಳ್ಳಗೆ, ಮುಟ್ಟಿದರೆ ಇನ್ನೂ ಹಸಿ. ಸೀಳಿದ ಚೂರುಗಳು ದೂರದ ಕಾಫಿ ಗಿಡಗಳ ಮೇಲೂ ಬಿದ್ದಿದ್ದವು. ಕೆಲವು ದಿನಗಳಲ್ಲಿ ಬಳ್ಳಿಯ ಎಲೆ ಪೂರ್ತಿ ಹಳದಿಯಾಗಿ ಉದುರಿತು.

ಆಗ ಯಾರೂ ಸಿಂಗಾಪುರದ ಸೆಕೆ ಬಗ್ಗೆ ಕೇಳಲಿಲ್ಲ. ಏನು ಮಾಡಬೇಕು ಅಂತ ಕೇಳಿದರು. ಅದನ್ನೇ ಇಲ್ಲೂ ಹೇಳುತ್ತೇನೆ.

ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರ ಇದೆ. ಆಗಲೇ ಇಳಿಯಬೇಕು, ಮಳೆ ಹನಿಗೆ ಕಾಯಬಾರದು. ಮರದ ಕೆಳಗೆ ನಿಲ್ಲಬೇಡಿ. ನಾಲ್ಕು ಕಂಬ ನೆಟ್ಟು ಶೀಟ್ ಹೊದಿಸಿದ ಶೆಡ್ಡೂ ಸಾಲದು. ಗೋಡೆ ಇರುವ ಗಟ್ಟಿ ಮನೆ ಆಗಬೇಕು, ಇಲ್ಲವೇ ಕಿಟಕಿ ಏರಿಸಿದ, ಮೇಲೂ ತಗಡಿರುವ ಜೀಪು, ಕಾರು. ಕೊನೆಯ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಹೊರಗೆ ಬರಬೇಡಿ. ಯಾರಿಗಾದರೂ ಬಡಿದರೆ ಮುಟ್ಟಲು ಹೆದರಬೇಡಿ, ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ತಕ್ಷಣ ಎದೆ ಒತ್ತಲು ಶುರು ಮಾಡಿ, ಬದುಕಬಹುದು. ಮೊಬೈಲಿನಲ್ಲಿ ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ 'ದಾಮಿನಿ' ಆಪ್ ಹಾಕಿಕೊಳ್ಳಿ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರವೂ 'ಸಿಡಿಲು' ಅಂತ ಒಂದು ಆಪ್ ತಂದಿದೆ. ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಕಿವಿಯನ್ನೇ ನಂಬಿ.

ಇದೆಲ್ಲ ನಡೆಯಬೇಕಾದರೆ ಒಂದು ಕೆಲಸ ತೋಟದ ಮಾಲೀಕರೇ ಮಾಡಬೇಕು. ಇಳಿದು ಕೂತ ಹೊತ್ತಿಗೂ ಕೂಲಿ ಕೊಡಿ. ನಮ್ಮ ತೋಟದಲ್ಲಿ ಕೊಡುತ್ತೇವೆ. ಕೆಜಿ ಲೆಕ್ಕದವರಿಗೂ ಆ ಹೊತ್ತಿಗೆ ದಿನಗೂಲಿಯ ಲೆಕ್ಕ ಹಾಕಿ ಸೇರಿಸುತ್ತೇವೆ. ಈಗ ಗುಡುಗು ಕೇಳಿದರೆ ಅವರೇ ಇಳಿದು ಬರುತ್ತಾರೆ, ಕೂಗಬೇಕಾಗಿಲ್ಲ. ಇನ್ನೊಂದು ಮಾತು. ಏಣಿ ಇದ್ದಲ್ಲೇ ಇರಲಿ. ಅದನ್ನು ಹೊತ್ತುಕೊಂಡು ಬಾ ಅಂತ ಯಾರಿಗೂ ಹೇಳಬೇಡಿ.