ಹತ್ತು ಪೌಂಡಿನ ಜೇನ್ ಆಸ್ಟಿನ್

ಇಂಗ್ಲಿಷ್ ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಬದುಕಿ ಬರೆದ ಮನೆ ನೋಡಬೇಕು ಅಂತ ಆಸೆಪಟ್ಟಿದ್ದು ನಾನು. ಜೊತೆಗೆ ಬಂದ ಚಿಕ್ಕಮ್ಮನಿಗೆ ಕಾದಂಬರಿ ಹುಚ್ಚೇನೂ ಇಲ್ಲ. ಬ್ಯಾಂಕಿನಲ್ಲಿ ದುಡಿದು ರಿಟೈರ್ ಆದವರು. ಲಂಡನ್ನಿನಲ್ಲಿ ಅಪರೂಪಕ್ಕೆ ಬಿಸಿಲು ಬಂದಿದೆ, ಮನೆಯಲ್ಲಿ ಸುಮ್ನೆ ಯಾಕೆ ಕೂರೋದು ಅಂತ ಹೊರಟರು. ವಾಟರ್‌ಲೂನಿಂದ ಆಲ್ಟನ್‌ಗೆ ರೈಲು, ಅಲ್ಲಿಂದ ಚಾಟನ್ ಹಳ್ಳಿಗೆ ನಡಿಗೆ.

ರಸ್ತೆ ಬದಿಯಲ್ಲೇ ಕೆಂಪು ಇಟ್ಟಿಗೆಯ ಮನೆ. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ಜೇನ್, ಅಕ್ಕ ಕಸಾಂಡ್ರಾ, ಅಮ್ಮ ಮೂವರಿಗೂ ನೆಲೆ ಇರಲಿಲ್ಲ. ಬಾತ್‌ನಲ್ಲಿ ಒಂದಷ್ಟು ದಿನ, ಸೌತಾಂಪ್ಟನ್‌ನಲ್ಲಿ ಒಂದಷ್ಟು ದಿನ. ಶ್ರೀಮಂತ ನೆಂಟರಿಗೆ ದತ್ತು ಹೋಗಿದ್ದ ಅಣ್ಣ ಎಡ್ವರ್ಡ್ 1809ರಲ್ಲಿ ಈ ಮನೆ ಬಿಟ್ಟುಕೊಟ್ಟ.

ಒಳಗೆ, ಊಟದ ಕೋಣೆಯಲ್ಲಿ ಜೇನ್ ಬರೆಯುತ್ತಿದ್ದ ಆ ಮೇಜು. ವಾಲ್‌ನಟ್ ಮರದ್ದು, ಹನ್ನೆರಡು ಬದಿ. ಊಟದ ತಟ್ಟೆ ಇಟ್ಟರೆ ಲೋಟಕ್ಕೆ ಜಾಗ ಹುಡುಕಬೇಕು, ಅಷ್ಟು ಪುಟ್ಟದು. ‘ಎಮ್ಮಾ’ ಕಾದಂಬರಿ ಬರೆದಿದ್ದು ಈ ಮನೆಯಲ್ಲೇ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ಅಲ್ಲ, ಇಷ್ಟು ಬರೆದಳಲ್ಲ, ದುಡ್ಡೆಷ್ಟು ಬಂತು?” ಅಂದರು ಚಿಕ್ಕಮ್ಮ.

ಗೊತ್ತಿದ್ದದ್ದು ಹೇಳಿದೆ. ಮೊದಲ ಕಾದಂಬರಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ 1811ರಲ್ಲಿ ಬಂತು. ಲೇಖಕಿಯ ಹೆಸರಿರಲಿಲ್ಲ, ‘ಒಬ್ಬ ಮಹಿಳೆ’ ಅಂತಷ್ಟೇ. ನಷ್ಟವಾದರೆ ಅವಳದೇ ಹೊಣೆ ಅನ್ನೋ ಕರಾರು. 140 ಪೌಂಡ್ ಲಾಭ ಬಂತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ಗೆ 150 ಸಿಗಲಿ ಅಂತ ಆಸೆಪಟ್ಟಳು. 110ಕ್ಕೆ ಹಕ್ಕನ್ನೇ ಮಾರಿದಳು. 1813ರಲ್ಲಿ ಅಚ್ಚಾದ ಪುಸ್ತಕ ಅದೇ ವರ್ಷ ಎರಡನೇ ಮುದ್ರಣ ಕಂಡಿತು. ಆ ದುಡ್ಡೆಲ್ಲ ಪ್ರಕಾಶಕನಿಗೆ.

“ಅಯ್ಯೋ! ಮೊದಲನೇದರಲ್ಲಿ ಲಾಭ ಬಂದಿರೋವಾಗ ಹಕ್ಕು ಯಾಕೆ ಮಾರಬೇಕಿತ್ತು?”

ಒಳ್ಳೆ ಪ್ರಶ್ನೆಯೇ. ಮಾರಿದ್ದು 1812ರ ನವೆಂಬರಿನಲ್ಲಿ. ಮೊದಲನೇದರ ಪ್ರತಿಗಳು ಪೂರ್ತಿ ಖರ್ಚಾಗಿದ್ದು ಮುಂದಿನ ವರ್ಷ ಜುಲೈ ಹೊತ್ತಿಗೆ. ಸ್ವಂತ ಆದಾಯವಿಲ್ಲದ ಹೆಂಗಸು, ಕೈಗೆ ಬರೋ ದುಡ್ಡು ಬೇಡ ಅಂತಾಳಾ?

ಟೀ ಕುಡಿಯುವಾಗ ಚಿಕ್ಕಮ್ಮ ಪರ್ಸಿನಿಂದ ಹತ್ತು ಪೌಂಡಿನ ನೋಟು ತೆಗೆದರು. 2017ರಿಂದ ಅದರ ಮೇಲೆ ಜೇನ್ ಮುಖ. ಆಗಷ್ಟೇ ನೋಡಿದ ಮೇಜೂ ಇದೆ. ಓದಿನ ಸುಖವನ್ನು ಹೊಗಳುವ ಸಾಲೂ ಇದೆ. ತಮಾಷೆ ಏನಂದ್ರೆ, ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಆ ಮಾತಾಡೋ ಕ್ಯಾರೊಲೈನ್ ಬಿಂಗ್ಲಿಗೆ ಓದು ಅಂದರೆ ಅಷ್ಟಕ್ಕಷ್ಟೇ. ನಾಯಕ ಡಾರ್ಸಿಯನ್ನು ಮೆಚ್ಚಿಸೋಕೆ ಪುಸ್ತಕ ಹಿಡಿದು, ದೊಡ್ಡದಾಗಿ ಆಕಳಿಸಿ, ಆಮೇಲೆ ಹಾಗನ್ನುತ್ತಾಳೆ!

ಹತ್ತು ಪೌಂಡು ಅಂದ ಕೂಡಲೇ ಇನ್ನೊಂದು ಕತೆ ನೆನಪಾಯಿತು. 1803ರಲ್ಲಿ ‘ಸೂಸನ್’ ಅನ್ನೋ ಹಸ್ತಪ್ರತಿಯನ್ನು ಕ್ರಾಸ್ಬಿ ಅನ್ನೋ ಪ್ರಕಾಶಕ ಕೊಂಡಿದ್ದ. ಕೊಟ್ಟಿದ್ದು ಹತ್ತೇ ಪೌಂಡು. ಕೊಂಡವನು ಅಚ್ಚು ಹಾಕಲೇ ಇಲ್ಲ. ಆರು ವರ್ಷ ಕಾದು, ಜೇನ್ ಸುಳ್ಳು ಹೆಸರಲ್ಲಿ ಖಾರವಾದ ಪತ್ರ ಬರೆದಳು. ಮಿಸೆಸ್ ಆಷ್ಟನ್ ಡೆನಿಸ್ ಅಂತ ಹೆಸರು, ಅದನ್ನೇ ಚಿಕ್ಕದು ಮಾಡಿ ಎಂ.ಎ.ಡಿ. ಅಂತ ಸಹಿ. ‘ಮ್ಯಾಡ್’! ಹತ್ತು ಪೌಂಡ್ ವಾಪಸ್ ಕೊಟ್ಟು ತಗೊಂಡು ಹೋಗಿ ಅಂತ ಉತ್ತರ ಬಂತು. 1816ರಲ್ಲಿ ಅಣ್ಣ ಹೆನ್ರಿ ಹೋಗಿ ಬಿಡಿಸಿಕೊಂಡು ಬಂದ. ದುಡ್ಡು ಕೊಟ್ಟಾದ ಮೇಲೇನೇ ಬರೆದವಳು ಯಾರು ಅಂತ ಬಾಯಿಬಿಟ್ಟನಂತೆ. ಮರುವರ್ಷ ಜುಲೈನಲ್ಲಿ, 41ನೇ ವಯಸ್ಸಿಗೆ, ಜೇನ್ ಹೋಗಿಬಿಟ್ಟಳು. ಆ ವರ್ಷದ ಕೊನೆಗೆ ಅದು ‘ನಾರ್ತ್ಯಾಂಗರ್ ಅಬೆ’ ಆಗಿ ಹೊರಬಂತು.

ಚಿಕ್ಕಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. “ಹದಿಮೂರು ವರ್ಷ ಇಟ್ಕೊಂಡಿದ್ದೂ ಬಡ್ಡಿ ಕೇಳಲಿಲ್ಲವಲ್ಲ, ಪುಣ್ಯಾತ್ಮ” ಅಂದರು.