ದಡಕ್ಕೆ ಬಿದ್ದ ಪಾಚಿ ಬಿಟ್ಟಿ ಮಾಲಲ್ಲ

ಹೊನ್ನಾವರ, ಕುಂದಾಪುರ ಕಡೆಯ ಪರಿಚಿತರು ನನ್ನನ್ನು ಕೇಳುವ ಪ್ರಶ್ನೆ ಒಂದೇ: "ನಮ್ಮಲ್ಲೂ ದಡಕ್ಕೆ ಪಾಚಿ ಬಂದು ಬಿದ್ದು ಕೊಳೀತದೆ ಮಾರಾಯ್ರೆ, ನಿಮ್ಮ ಹಾಗೆ ಏನಾದ್ರೂ ಮಾಡ್ಬಹುದಾ?" ನನ್ನ ಕೆಲಸ ತಮಿಳುನಾಡಿನ ಒಂದು ಆಲ್ಜಿನೇಟ್ ಕಾರ್ಖಾನೆಯ ಲ್ಯಾಬಿನಲ್ಲಿ. ಆಲ್ಜಿನೇಟ್ ಅಂದರೆ ಕಡಲ ಪಾಚಿಯಿಂದ ತೆಗೆಯುವ, ನೀರನ್ನು ಮಂದ ಮಾಡುವ ಪುಡಿ. ಮಾಡಬಹುದು ಅಂತಷ್ಟೇ ಹೇಳಿ ಫೋನ್ ಇಟ್ಟರೆ ಅರ್ಧ ಸುಳ್ಳು ಹೇಳಿದ ಹಾಗಾಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಕಚ್ಚಾಮಾಲು ಸರ್ಗಾಸಮ್ ಎಂಬ ಕಂದು ಪಾಚಿ. ರಾಮನಾಥಪುರದ ದಡದಲ್ಲಿ ಇದಕ್ಕೆ ಕಟ್ಟಕೋರೈ ಅನ್ನುತ್ತಾರೆ. ಅಗರ್ ಎಂಬ ಜೆಲ್ಲಿಯಂಥ ಪದಾರ್ಥ ತೆಗೆಯುವ ಮರಿಕೊಳುಂದು ಪಾಸಿ ಎಂಬ ಇನ್ನೊಂದು ಪಾಚಿಗಿರುವ ಮರ್ಯಾದೆ ಇದಕ್ಕಿಲ್ಲ. ಆಲ್ಜಿನಿಕ್ ಆಮ್ಲ ಇದರ ಕೋಶಗಳ ಗೋಡೆಯಲ್ಲಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡು, ನೀರಲ್ಲಿ ಕರಗದ ರೂಪದಲ್ಲಿರುತ್ತದೆ. ತೊಳೆದ ಪಾಚಿಯನ್ನು ತೆಳು ಆಮ್ಲದಲ್ಲಿ ನೆನೆಸಿ, ಆಮೇಲೆ ವಾಷಿಂಗ್ ಸೋಡಾ ಕದಡಿದ ಬಿಸಿ ನೀರಿಗೆ ಹಾಕಿದರೆ ಅದು ಸೋಡಿಯಂ ಆಲ್ಜಿನೇಟ್ ಆಗಿ ಕರಗಿ ಹೊರಬರುತ್ತದೆ. 1881ರಲ್ಲಿ ಸ್ಟ್ಯಾನ್‌ಫರ್ಡ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಕಂಡುಕೊಂಡ ಮೂಲ ಉಪಾಯವೇ ಇಂದಿಗೂ ನಡೆಯುತ್ತಿದೆ.

ಓದಿದರೆ ಸಲೀಸು. ಕಷ್ಟ ಇರುವುದು ಸೋಸುವುದರಲ್ಲಿ. ಕರಗಿದ ದ್ರವ ಎಷ್ಟು ಮಂದ ಎಂದರೆ ಫಿಲ್ಟರ್ ಬಟ್ಟೆಯಿಂದ ಇಳಿಯುವುದೇ ಇಲ್ಲ. ಪಟ್ಟುಬಿಡದೆ ನೀರು ಸುರಿದು ತೆಳು ಮಾಡಬೇಕು. ಈ ಕಾರ್ಖಾನೆ ನಿಜವಾಗಿ ಬದುಕಿರುವುದು ಸಿಹಿನೀರಿನ ಮೇಲೆ. ಸೋಸಿದ ಮೇಲೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದರೆ ಆಲ್ಜಿನೇಟ್ ಎಳೆ ಎಳೆಯಾಗಿ ನೀರಿನಿಂದ ಬೇರೆಯಾಗುತ್ತದೆ. ಅದನ್ನು ಆಮ್ಲದಲ್ಲಿ ತೊಳೆದು, ಮತ್ತೆ ಸೋಡಾ ಸೇರಿಸಿ, ಒಣಗಿಸಿ ಪುಡಿ ಮಾಡುವುದು ಉಳಿದ ಕೆಲಸ.

ಗಿರಾಕಿ ಮೊದಲು ಕೇಳುವುದು ವಿಸ್ಕಾಸಿಟಿ, ಅಂದರೆ ಪುಡಿ ನೀರನ್ನು ಎಷ್ಟು ಮಂದ ಮಾಡುತ್ತದೆ ಅಂತ. ನೂರಕ್ಕೆ ಒಂದು ಪಾಲು ಪುಡಿ ಕದಡಿ, 25 ಡಿಗ್ರಿಯಲ್ಲಿ ಯಂತ್ರದ ಕಡ್ಡಿ ತಿರುಗಿಸಿ ಅಳೆಯುತ್ತೇವೆ. ಆ ಅಂಕಿ ಹೇಳುವುದು ಆಲ್ಜಿನೇಟಿನ ಅಣುಗಳ ಸರಪಳಿ ಎಷ್ಟು ಉದ್ದ ಉಳಿದಿದೆ ಅಂತ. ಪೋಣಿಸಿದ ಹೂವಿನ ದಾರ ಅಂದುಕೊಳ್ಳಿ, ಒಮ್ಮೆ ಕಡಿದರೆ ಯಾವ ಟ್ಯಾಂಕಿನಲ್ಲೂ ಮತ್ತೆ ಕೂಡುವುದಿಲ್ಲ. ಕಡಿಯಲು ಕಾರಣಗಳೋ ಬೇಕಾದಷ್ಟು. ಸೋಡಾ ಖಾರವಾಗಿ ಬಿಸಿ ಹೆಚ್ಚಾದರೆ ಕಡಿಯುತ್ತದೆ, ಪಾಚಿಯಲ್ಲಿರುವ ಫೀನಾಲುಗಳೆಂಬ ರಾಸಾಯನಿಕಗಳು ಸೋಡಾದಲ್ಲಿ ಸೇರಿದರೆ ಕಡಿಯುತ್ತದೆ, ಪುಡಿ ಬೆಳ್ಳಗಾಗಲಿ ಅಂತ ಬ್ಲೀಚ್ ಹಾಕಿದರೂ ಕಡಿಯುತ್ತದೆ. ಅಪ್ಪಟ ಬಿಳಿ ಬಣ್ಣವೂ ಬೇಕು, ಮಂದವೂ ಇರಬೇಕು ಎನ್ನುವ ಗಿರಾಕಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ ಹೇಳುವುದು ನನ್ನ ಕೆಲಸದ ದೊಡ್ಡ ಭಾಗ.

ಆದರೆ ಹೆಚ್ಚಿನ ಹಾನಿ ಲಾರಿ ಗೇಟಿಗೆ ಬರುವ ಮೊದಲೇ ಆಗಿರುತ್ತದೆ. ಹಸಿ ರಾಶಿ ಒಳಗೊಳಗೇ ಬಿಸಿಯೇರಿ ಕೊಳೆಯುತ್ತದೆ, ಬ್ಯಾಕ್ಟೀರಿಯಾಗಳು ಆಲ್ಜಿನೇಟನ್ನು ತಿನ್ನಲು ಶುರುಮಾಡುತ್ತವೆ. ಅಲೆ ತಂದು ಹಾಕಿದ ದಿನವೇ ತೆಳುವಾಗಿ ಹರಡಿ ಒಣಗಿಸಿದ ಪಾಚಿಗೂ, ವಾರಗಟ್ಟಲೆ ಗುಡ್ಡೆ ಬಿದ್ದ ಪಾಚಿಗೂ ಕಣ್ಣಿಗೆ ಅಂಥ ವ್ಯತ್ಯಾಸ ಕಾಣದಿರಬಹುದು. ಯಂತ್ರದ ಕಡ್ಡಿ ಮಾತ್ರ ಸುಳ್ಳು ಹೇಳುವುದಿಲ್ಲ. ಹಾಗಾಗಿ ನಮ್ಮ ಉತ್ಪನ್ನದ ಗುಣಮಟ್ಟ ತೀರ್ಮಾನ ಮಾಡುವವರು ದಡದಲ್ಲಿ ಪಾಚಿ ಹರಡುವ ಹೆಂಗಸರು. ಒಣಗಿಸಿ, ಮರಳು ಕೊಡವಿ ತಂದವರಿಗೆ ಹೆಚ್ಚು ದರ ಕೊಡದೆ ಬರೀ ತೂಕ ನೋಡಿ ಕೊಂಡರೆ ಬರುವುದು ನೀರು ಮತ್ತು ಮರಳು. ಅದರಲ್ಲಿ ಅವರ ತಪ್ಪು ಹುಡುಕುವುದು ನನಗೆ ಸರಿ ಕಾಣುವುದಿಲ್ಲ.

ಸರಪಳಿ ತುಂಡಾದ ಮಾಲನ್ನು ಎಸೆಯಬೇಕಿಲ್ಲ ಅನ್ನುವುದು ನಾನು ನಿಧಾನವಾಗಿ ಕಲಿತ ವಿಷಯ. ಹತ್ತಿಯ ನೂಲಿನ ಜೊತೆಗೇ ಬೆಸೆದುಕೊಳ್ಳುವ ರಿಯಾಕ್ಟಿವ್ ಬಣ್ಣದಲ್ಲಿ ಬಟ್ಟೆ ಪ್ರಿಂಟ್ ಮಾಡುವವರಿಗೆ ಆಲ್ಜಿನೇಟ್ ಬೇಕೇ ಬೇಕು. ಗಂಜಿ, ಪಿಷ್ಟ ಹಾಕಿದರೆ ಅವೇ ಬಣ್ಣವನ್ನು ಹಿಡಿದುಕೊಂಡು ಬಟ್ಟೆ ಒರಟಾಗುತ್ತದೆ. ಆಲ್ಜಿನೇಟ್ ಬಣ್ಣದ ತಂಟೆಗೆ ಹೋಗುವುದಿಲ್ಲ. ಪುಡಿ ಸ್ವಲ್ಪ ಕಂದಾಗಿದ್ದರೂ, ತೆಳುವಾಗಿದ್ದರೂ ಅಲ್ಲಿ ನಡೆಯುತ್ತದೆ. ಗಾಯದ ಪಟ್ಟಿಗೋ ಹಲ್ಲಿನ ಅಚ್ಚಿಗೋ ಅದೇ ಚೀಲ ಕಳಿಸಿದರೆ ಮರುದಿನ ವಾಪಸ್ಸು.

ಕೆರಿಬಿಯನ್ ದಡಗಳಿಗೆ 2011ರಿಂದ ಸರ್ಗಾಸಮ್ ಪ್ರವಾಹದಂತೆ ಬರುತ್ತಿದೆ. 2018ರಲ್ಲಿ ಅಟ್ಲಾಂಟಿಕ್‌ನಲ್ಲಿ 2 ಕೋಟಿ ಟನ್ನಿಗೂ ಮಿಕ್ಕಿದ ಪಟ್ಟಿಯೇ ಉಪಗ್ರಹಕ್ಕೆ ಕಂಡಿತ್ತು. ಅಷ್ಟು ಬಿಟ್ಟಿ ಮಾಲಿದ್ದರೂ ಅಲ್ಲಿ ಇದು ಸುಲಭದ ದಂಧೆಯಾಗಿಲ್ಲ. ಅದರಲ್ಲಿ ಆರ್ಸೆನಿಕ್ ಇದೆ, ಜೊತೆಗೆ ಮರಳು, ಕೊಳೆಯುವ ಗಡಿಬಿಡಿ.

ಇನ್ನು ನಮ್ಮ ಕರಾವಳಿ. ರಾಮನಾಥಪುರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಬಿಸಿಲು ಪುಕ್ಕಟೆ. ಅದೇ ಸಮಯದಲ್ಲಿ ಹೊನ್ನಾವರದಲ್ಲಿ ಒಂದು ಪಂಚೆ ಒಣಗುವುದೂ ಕಷ್ಟ. ಮಳೆಗಾಲದ ಅಬ್ಬರಕ್ಕೆ ಕಿತ್ತು ಬಂದ ಪಾಚಿಯನ್ನು ಒಣಗಿಸಲು ಸೌದೆಯನ್ನೋ ಡೀಸೆಲ್ಲನ್ನೋ ಸುಟ್ಟರೆ ಲೆಕ್ಕ ತಲೆಕೆಳಗು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆಯ (ಸಿಎಸ್‌ಎಂಸಿಆರ್‌ಐ) ವಿಜ್ಞಾನಿಗಳು ಕಪ್ಪಾಫೈಕಸ್ ಎಂಬ ಕೆಂಪು ಪಾಚಿಯನ್ನು ಹಸಿಯಾಗಿಯೇ ಅರೆದು ಹಿಂಡಿ, ರಸವನ್ನು ಬೆಳೆಗೂ ಹಿಪ್ಪೆಯನ್ನು ಕ್ಯಾರಜೀನನ್ ಎಂಬ ಇನ್ನೊಂದು ಮಂದಕಾರಿ ತೆಗೆಯಲಿಕ್ಕೂ ಬಳಸುವ ದಾರಿ ತೋರಿಸಿದ್ದಾರೆ. ಕಂದು ಪಾಚಿಗೆ ಅದು ಹಾಗೇ ಹೊಂದುತ್ತದೆ ಅಂತಲ್ಲ, ಆದರೂ ಮಳೆಯ ಊರಲ್ಲಿ ಯೋಚನೆ ಶುರುವಾಗಬೇಕಾದ್ದು ಹಸಿ ಪಾಚಿಯಿಂದ. ಅದಕ್ಕೇ ಈಗ ಫೋನ್ ಮಾಡಿದವರಿಗೆ ಯಂತ್ರದ ಬೆಲೆ ಹೇಳುವ ಮೊದಲು ನಾನೇ ಕೇಳುತ್ತೇನೆ: ಪಾಚಿ ಬೀಳುವುದು ಯಾವ ತಿಂಗಳು, ಹತ್ತಿರದಲ್ಲಿ ಸಿಹಿನೀರು ಎಷ್ಟಿದೆ, ಕೊಳ್ಳುವವರು ಯಾರು?